ಎರಡು ದೂರದ ನಗರಗಳ ನಡುವಿನ ವಿಮಾನ ದೂರವನ್ನು ನೀವೇ ಲೆಕ್ಕ ಹಾಕುವುದು ಹೇಗೆ? ಲಂಡನ್–ಟೋಕಿಯೊ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಲಂಡನ್‌ನಿಂದ ಟೋಕಿಯೊಗೆ ವಿಮಾನದಲ್ಲಿ ಎಷ್ಟು ದೂರ ಅಂತ ಹುಡುಕಿದರೆ ಒಂದು ಕಡೆ 9,560 ಕಿ.ಮೀ. ಅಂತ ಇರುತ್ತದೆ, ಇನ್ನೊಂದು ಕಡೆ 9,600, ಮತ್ತೊಂದು ಕಡೆ 12,000 ದಾಟಿರುತ್ತದೆ. ಯಾವುದು ಸರಿ? ಮೂರೂ ಸರಿ ಇರಬಹುದು. ಒಂದೊಂದೂ ಬೇರೆ ಬೇರೆ ಎರಡು ಬಿಂದುಗಳ ನಡುವೆ, ಬೇರೆ ಬೇರೆ ದಾರಿಯಲ್ಲಿ ಅಳೆದ ದೂರ. ಯಾವುದನ್ನು ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ ಅನ್ನುವುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ.

ಹಾಗಾಗಿ ಇದನ್ನು ಸ್ವತಃ ಲೆಕ್ಕ ಹಾಕುವುದನ್ನು ಕಲಿತರೆ ಒಳ್ಳೆಯದು. ಕಷ್ಟವೇನಿಲ್ಲ. ಹೈಸ್ಕೂಲಿನಲ್ಲಿ ಕಲಿತ ಸೈನ್, ಕಾಸ್ ಸಾಕು. ಫೋನಿನಲ್ಲಿರುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಹತ್ತು ನಿಮಿಷದ ಕೆಲಸ. ಲಂಡನ್–ಟೋಕಿಯೊ ಜೋಡಿಯನ್ನೇ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ, ಯಾಕೆಂದರೆ ಈ ದಾರಿಯಲ್ಲಿ ಬರಬಹುದಾದ ಎಲ್ಲ ತೊಡಕುಗಳೂ ಬರುತ್ತವೆ.

ಮೊದಲು, ನಿಮಗೆ ಬೇಕಿರುವ ದೂರ ಯಾವುದು?

ವಿಮಾನ ದೂರ ಅಂದಾಗ ಜನ ಮೂರು ಬೇರೆ ವಿಷಯಗಳನ್ನು ಹೇಳುತ್ತಿರುತ್ತಾರೆ. ಮೊದಲನೆಯದು ಭೂಮಿಯ ಮೇಲ್ಮೈ ಮೇಲೆ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದಾರಿ. ಇದನ್ನು ಗ್ರೇಟ್ ಸರ್ಕಲ್ ದೂರ ಅನ್ನುತ್ತಾರೆ, ಕನ್ನಡ ಪುಸ್ತಕಗಳಲ್ಲಿ ಮಹಾವೃತ್ತ ಅಂತಲೂ ಇರುತ್ತದೆ. ಎರಡನೆಯದು ವಿಮಾನ ಆ ದಿನ ನಿಜವಾಗಿ ಹಾರಿದ ದಾರಿಯ ಉದ್ದ. ಇದು ಯಾವಾಗಲೂ ಮೊದಲನೆಯದಕ್ಕಿಂತ ಜಾಸ್ತಿ, ಮತ್ತು ದಿನದಿಂದ ದಿನಕ್ಕೆ ಬದಲಾಗುತ್ತದೆ. ಮೂರನೆಯದು ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ದೂರ, ಅಂದರೆ ಸುತ್ತಲಿನ ಗಾಳಿಯ ಮಟ್ಟಿಗೆ ವಿಮಾನ ಎಷ್ಟು ಮುಂದೆ ಹೋಯಿತು ಅನ್ನುವುದು. ಇಂಧನ ಎಷ್ಟು ಬೇಕು ಅನ್ನುವ ಪ್ರಶ್ನೆಗೆ ಉತ್ತರ ಇರುವುದು ಈ ಮೂರನೆಯದರಲ್ಲಿ.

ಎರಡು ನಗರಗಳನ್ನು ಹೋಲಿಸಲು, ವಿಮಾನ ತಡವಾದರೆ ಪರಿಹಾರದ ಅರ್ಜಿ ಹಾಕಲು, ಶಾಲೆಯ ಪ್ರಾಜೆಕ್ಟ್‌ಗೆ ಮೊದಲನೆಯದೇ ಸಾಕು. ಪ್ರಯಾಣ ಯಾಕೆ ಇಷ್ಟು ಹೊತ್ತು ಹಿಡಿಯುತ್ತದೆ ಅಂತ ಅರ್ಥ ಆಗಬೇಕಾದರೆ ಮೂರೂ ಬೇಕು.

ಹಂತ 1: ನಗರ ಬಿಡಿ, ವಿಮಾನ ನಿಲ್ದಾಣ ಹಿಡಿಯಿರಿ

ವಿಮಾನ ಹಾರುವುದು ಊರಿನ ನಡುಮಧ್ಯದಿಂದಲ್ಲ. ಹಲವು ದೊಡ್ಡ ನಗರಗಳಿಗೆ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿವೆ. ಲಂಡನ್‌ಗೆ ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್ ಎಲ್ಲ ಇವೆ. ಟೋಕಿಯೊಗೆ ಹನೇಡಾ ಮತ್ತು ನರೀಟಾ ಇವೆ. ಈ ಎರಡರ ನಡುವೆಯೇ ಸುಮಾರು 60 ಕಿ.ಮೀ. ಅಂತರ. ಟಿಕೆಟ್ ನೋಡಿ, ಮೂರಕ್ಷರದ ಕೋಡ್ ಬರೆದುಕೊಳ್ಳಿ: ಹೀಥ್ರೂಗೆ ಎಲ್‌ಎಚ್‌ಆರ್, ಹನೇಡಾಗೆ ಎಚ್‌ಎನ್‌ಡಿ. ಈ ಮೂರಕ್ಷರ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾ ಕೊಟ್ಟಿದ್ದು. ಪೈಲಟ್‌ಗಳು, ವಾಯು ಸಂಚಾರ ನಿಯಂತ್ರಕರು ಬಳಸುವುದು ವಿಶ್ವಸಂಸ್ಥೆಯ ವಿಮಾನಯಾನ ಅಂಗವಾದ ಐಕಾವೊ ಸಂಸ್ಥೆಯ ನಾಲ್ಕಕ್ಷರದ ಕೋಡ್. ಹಾರಾಟದ ದಾಖಲೆಗಳನ್ನು ಹುಡುಕುವಾಗ ಅದೂ ಕಣ್ಣಿಗೆ ಬೀಳುತ್ತದೆ, ಗಾಬರಿ ಆಗಬೇಡಿ.

ಇನ್ನು ನಿಲ್ದಾಣದ ಅಕ್ಷಾಂಶ ಮತ್ತು ರೇಖಾಂಶ ಬೇಕು. ವಿಕಿಪೀಡಿಯಾದಲ್ಲಿ ಪ್ರತಿ ನಿಲ್ದಾಣದ ಪುಟದಲ್ಲೂ ಇರುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ರನ್‌ವೇ ಮೇಲೆ ರೈಟ್ ಕ್ಲಿಕ್ ಮಾಡಿದರೂ ಸಿಗುತ್ತದೆ. ಎರಡು ದಶಮಾಂಶ ಸ್ಥಾನ ಸಾಕು, ಯಾಕೆಂದರೆ ಅಕ್ಷಾಂಶದಲ್ಲಿ 0.01 ಡಿಗ್ರಿ ಅಂದರೆ ಸುಮಾರು 1.1 ಕಿ.ಮೀ. ಅಷ್ಟೇ. ಹತ್ತು ಸಾವಿರ ಕಿಲೋಮೀಟರ್ ದಾರಿಯಲ್ಲಿ ಅದಕ್ಕಿಂತ ಸೂಕ್ಷ್ಮವಾಗಿ ಹೋಗುವುದು ಸುಮ್ನೆ ಶ್ರಮ.

ಹೀಥ್ರೂ: ಉತ್ತರ 51.47, ಪಶ್ಚಿಮ 0.46.
ಹನೇಡಾ: ಉತ್ತರ 35.55, ಪೂರ್ವ 139.78.

ಹಂತ 2: ಅಂಕಿಗಳನ್ನು ಸರಿಯಾದ ರೂಪಕ್ಕೆ ತನ್ನಿ

ತಪ್ಪುಗಳು ಜಾಸ್ತಿ ಆಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡಿ.

ಕೆಲವು ಕಡೆ ಅಕ್ಷಾಂಶವನ್ನು 51 ಡಿಗ್ರಿ 28 ಮಿನಿಟ್ ಅಂತ ಕೊಟ್ಟಿರುತ್ತಾರೆ. ಅದನ್ನು 51.28 ಅಂತ ಬರೆದರೆ ಕೆಟ್ಟಿತು. ಒಂದು ಡಿಗ್ರಿಗೆ 60 ಮಿನಿಟ್. ಹಾಗಾಗಿ 28 ಅನ್ನು 60ರಿಂದ ಭಾಗಿಸಿ ಬರುವ 0.47 ಅನ್ನು 51ಕ್ಕೆ ಕೂಡಿಸಬೇಕು. ಸೆಕೆಂಡ್ ಕೂಡ ಇದ್ದರೆ ಅದನ್ನು 3,600ರಿಂದ ಭಾಗಿಸಿ ಸೇರಿಸಿ.

ಇನ್ನು ಚಿಹ್ನೆ. ಉತ್ತರ ಮತ್ತು ಪೂರ್ವ ಪ್ಲಸ್, ದಕ್ಷಿಣ ಮತ್ತು ಪಶ್ಚಿಮ ಮೈನಸ್. ಹೀಥ್ರೂವಿನ ರೇಖಾಂಶ –0.46. ಇಲ್ಲಿ ಮೈನಸ್ ಮರೆತರೆ ಉತ್ತರದಲ್ಲಿ 33 ಕಿ.ಮೀ. ಆಸುಪಾಸು ಕಡಿಮೆ ಬರುತ್ತದೆ. ಸಣ್ಣ ತಪ್ಪು ಅನಿಸಬಹುದು. ಆದರೆ ಇಂಥ ಸಣ್ಣ ತಪ್ಪೇ ಹೆಚ್ಚು ಅಪಾಯಕಾರಿ, ಯಾಕೆಂದರೆ ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ. ನ್ಯೂಯಾರ್ಕ್‌ನ ಮೈನಸ್ 73.78 ಅನ್ನು ಪ್ಲಸ್ ಮಾಡಿದರೆ ಊರೇ ಮಧ್ಯ ಏಷ್ಯಾಕ್ಕೆ ಹೋಗಿಬಿಡುತ್ತದೆ, ಅದು ತಕ್ಷಣ ಗೊತ್ತಾಗುತ್ತದೆ. ಲಂಡನ್‌ನಂತೆ ಸೊನ್ನೆ ರೇಖಾಂಶದ ಪಕ್ಕದ ಊರು, ಸಿಂಗಪುರದಂತೆ ಸಮಭಾಜಕ ವೃತ್ತದ ಪಕ್ಕದ ಊರು ಬಂದಾಗ ಎರಡು ಸಲ ನೋಡಿಕೊಳ್ಳಿ.

ಹಂತ 3: ರೇಖಾಂಶಗಳ ಅಂತರ

139.78ರಿಂದ –0.46 ಕಳೆದರೆ 140.24 ಡಿಗ್ರಿ. ಈ ಜೋಡಿಗೆ ಇಷ್ಟೇ.

ಅಂತರ 180 ದಾಟಿದರೆ ಮಾತ್ರ ಅದನ್ನು 360ರಿಂದ ಕಳೆಯಿರಿ. ಪೆಸಿಫಿಕ್ ಸಾಗರದ ಎರಡು ದಡಗಳ ಊರುಗಳಿಗೆ ಇದು ಯಾವಾಗಲೂ ಬರುತ್ತದೆ. ಅಲಾಸ್ಕಾದ ಆಂಕರೇಜ್ –149.99ರಲ್ಲಿದೆ, ಹನೇಡಾ 139.78ರಲ್ಲಿದೆ. ನೇರವಾಗಿ ಕಳೆದರೆ 289.77 ಬರುತ್ತದೆ, ಅಂದರೆ ಭೂಮಿಯನ್ನು ಉದ್ದನೆಯ ಕಡೆಯಿಂದ ಸುತ್ತಿದ ಹಾಗೆ. 360ರಿಂದ ಕಳೆದರೆ 70.23. ಇದೇ ಸರಿಯಾದ ಅಂತರ. ಕಾಸ್ ಹಾಕಿದಾಗ ಎರಡಕ್ಕೂ ಒಂದೇ ಬೆಲೆ ಬರುತ್ತದೆ ನಿಜ, ಆದರೂ ಮನಸ್ಸಿನಲ್ಲಿ ಭೂಪಟ ಸರಿಯಾಗಿ ಕೂರಲಿ ಅಂತ ಈ ಅಭ್ಯಾಸ ಇಟ್ಟುಕೊಳ್ಳಿ.

ಹಂತ 4: ಲೆಕ್ಕ

ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದೆಯಾ ಅಂತ ಮೊದಲು ನೋಡಿ. ರೇಡಿಯನ್ ಮೋಡ್‌ನಲ್ಲಿದ್ದರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಸೈನ್ 30 ಒತ್ತಿ, 0.5 ಬಂದರೆ ಸರಿ ಇದೆ.

ಮೊದಲು ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ. ಸೈನ್ 51.47 ಅಂದರೆ 0.78228. ಸೈನ್ 35.55 ಅಂದರೆ 0.58141. ಗುಣಿಸಿದರೆ 0.45483.

ಆಮೇಲೆ ಎರಡೂ ಅಕ್ಷಾಂಶಗಳ ಕಾಸ್ ಗುಣಿಸಿ, ಅದಕ್ಕೆ ರೇಖಾಂಶ ಅಂತರದ ಕಾಸ್ ಗುಣಿಸಿ. ಕಾಸ್ 51.47 ಅಂದರೆ 0.62292, ಕಾಸ್ 35.55 ಅಂದರೆ 0.81361, ಕಾಸ್ 140.24 ಅಂದರೆ –0.76873. ಮೂರನ್ನೂ ಗುಣಿಸಿದರೆ –0.38961. ಇಲ್ಲಿ ಮೈನಸ್ ಬಂದಿದ್ದು ಸರಿಯೇ, ಅಂತರ 90 ಡಿಗ್ರಿ ದಾಟಿದಾಗ ಹಾಗೇ ಬರಬೇಕು.

ಎರಡನ್ನೂ ಕೂಡಿಸಿ: 0.06522.

ಇದರ ಇನ್ವರ್ಸ್ ಕಾಸ್ ತೆಗೆಯಿರಿ. 86.26 ಡಿಗ್ರಿ. ಭೂಮಿಯ ಕೇಂದ್ರದಲ್ಲಿ ನಿಂತು ಒಂದು ಕೈಯನ್ನು ಲಂಡನ್ ಕಡೆಗೂ ಇನ್ನೊಂದನ್ನು ಟೋಕಿಯೊ ಕಡೆಗೂ ಚಾಚಿದರೆ ನಡುವೆ ಆಗುವ ಕೋನ ಇದು.

ಕೊನೆಯದಾಗಿ ಇದನ್ನು 111.195ರಿಂದ ಗುಣಿಸಿ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಅಂತ ಹಿಡಿದರೆ ಮಹಾವೃತ್ತದ ಒಂದು ಡಿಗ್ರಿಗೆ ಬರುವ ಉದ್ದ ಅದು. ಉತ್ತರ 9,592 ಕಿ.ಮೀ.

ಅಷ್ಟೇ. ಲಂಡನ್ ಹೀಥ್ರೂದಿಂದ ಟೋಕಿಯೊ ಹನೇಡಾಗೆ ಸುಮಾರು 9,600 ಕಿ.ಮೀ.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು ಒಂದು ವಿಷಯ ನೆನಪಿಡಿ. ಎಕ್ಸೆಲ್ ಆಗಲಿ ಗೂಗಲ್ ಶೀಟ್ಸ್ ಆಗಲಿ, ಸೈನ್ ಮತ್ತು ಕಾಸ್ ಫಂಕ್ಷನ್‌ಗಳಿಗೆ ರೇಡಿಯನ್‌ನಲ್ಲೇ ಕೊಡಬೇಕು. ಹಾಗಾಗಿ ಪ್ರತಿ ಡಿಗ್ರಿ ಅಂಕಿಯನ್ನೂ ರೇಡಿಯನ್ಸ್ ಫಂಕ್ಷನ್ ಒಳಗೆ ಹಾಕಿ. ಇನ್ವರ್ಸ್ ಕಾಸ್ ಉತ್ತರವೂ ರೇಡಿಯನ್‌ನಲ್ಲೇ ಬರುತ್ತದೆ, ಅದನ್ನು ನೇರವಾಗಿ 6,371ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಒಮ್ಮೆ ಶೀಟ್ ಮಾಡಿಟ್ಟುಕೊಂಡರೆ ಮುಂದೆ ಯಾವ ಎರಡು ನಗರ ಬಂದರೂ ನಾಲ್ಕು ಅಂಕಿ ತುಂಬಿದರೆ ಸಾಕು.

ಪ್ರೋಗ್ರಾಮ್ ಬರೆಯುವವರಿಗೆ ಹೇವರ್‌ಸೈನ್ ಸೂತ್ರ ಹೆಚ್ಚು ಒಳ್ಳೆಯದು. ಎರಡು ಜಾಗಗಳು ತೀರಾ ಹತ್ತಿರ ಇದ್ದಾಗ ಮೇಲಿನ ಕಾಸ್ ಲೆಕ್ಕದಲ್ಲಿ ದಶಮಾಂಶಗಳು ಕಳೆದುಹೋಗುತ್ತವೆ, ಹೇವರ್‌ಸೈನ್‌ನಲ್ಲಿ ಆ ತೊಂದರೆ ಇಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ನಾವಿಕರು ಪಟ್ಟಿ ಪುಸ್ತಕ ನೋಡಿ ಲೆಕ್ಕ ಹಾಕುತ್ತಿದ್ದ ವಿಧಾನವೇ ಇದು. ದೂರದ ನಗರಗಳಿಗೆ ಎರಡೂ ಒಂದೇ ಉತ್ತರ ಕೊಡುತ್ತವೆ.

ಹಂತ 5: ಉತ್ತರವನ್ನು ನಂಬುವ ಮೊದಲು ತಾಳೆ ನೋಡಿ

ಸುಲಭದ ಪರೀಕ್ಷೆ ಒಂದಿದೆ. ಭೂಮಿಯ ಮೇಲೆ ಯಾವ ಎರಡು ಜಾಗಗಳೂ ಸುಮಾರು 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವಿಲ್ಲ. ಅದು ಭೂಮಿಯ ಅರ್ಧ ಸುತ್ತಳತೆ. ಧ್ರುವದಿಂದ ಸಮಭಾಜಕ ವೃತ್ತಕ್ಕೆ ಸುಮಾರು 10,000 ಕಿ.ಮೀ. ಈ ಅಂಕಿ ಇಷ್ಟು ದುಂಡಾಗಿರುವುದು ಕಾಕತಾಳೀಯ ಅಲ್ಲ. 1791ರಲ್ಲಿ ಫ್ರಾನ್ಸ್‌ನಲ್ಲಿ ಮೀಟರ್ ಅನ್ನುವ ಅಳತೆಯನ್ನು ನಿಗದಿ ಮಾಡಿದ್ದೇ ಈ ಕಾಲು ಸುತ್ತಿನ ಒಂದು ಕೋಟಿಯ ಒಂದು ಭಾಗ ಅಂತ. ನಿಮ್ಮ ಉತ್ತರ 20,000 ದಾಟಿದರೆ ಎಲ್ಲೋ ಎಡವಿದ್ದೀರಿ.

ಮೇಜಿನ ಮೇಲೆ ಗ್ಲೋಬ್ ಇದ್ದರೆ ಇನ್ನೂ ಚೆನ್ನ. ಒಂದು ದಾರ ತೆಗೆದುಕೊಂಡು ಎರಡು ಊರುಗಳ ನಡುವೆ ಬಿಗಿಯಾಗಿ ಎಳೆಯಿರಿ. ಅಷ್ಟೇ ಉದ್ದದ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟು ಎಷ್ಟು ಡಿಗ್ರಿ ಅಂತ ಓದಿ, 111ರಿಂದ ಗುಣಿಸಿ. ಮಕ್ಕಳಿಗೆ ಇದನ್ನು ಮಾಡಿ ತೋರಿಸಿ. ಸೂತ್ರ ಹೇಳುವುದಕ್ಕಿಂತ ನೂರು ಪಾಲು ಚೆನ್ನಾಗಿ ತಲೆಗೆ ಹೋಗುತ್ತದೆ.

ಆನ್‌ಲೈನ್‌ನಲ್ಲಿ ನೋಡಬೇಕಾದರೆ ಗೂಗಲ್ ಅರ್ಥ್‌ನ ರೂಲರ್, ಗೂಗಲ್ ಮ್ಯಾಪ್ಸ್‌ನ ದೂರ ಅಳೆಯುವ ಆಯ್ಕೆ, ಗ್ರೇಟ್ ಸರ್ಕಲ್ ಮ್ಯಾಪರ್ ಇವೆ. ಕೊನೆಯದರಲ್ಲಿ ಎರಡು ನಿಲ್ದಾಣಗಳ ಕೋಡ್ ಹಾಕಿದರೆ ಸಾಕು. ನಿಮ್ಮ ಉತ್ತರಕ್ಕೂ ಇದಕ್ಕೂ ಅರ್ಧ ಪರ್ಸೆಂಟ್ ಒಳಗೆ ವ್ಯತ್ಯಾಸ ಇದ್ದರೆ ನೀವು ಮಾಡಿದ್ದು ಸರಿ ಇದೆ.

ಆ ಚೂರು ವ್ಯತ್ಯಾಸ ಯಾಕೆ? ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಈ ಚಪ್ಪಟೆತನವನ್ನು ಲೆಕ್ಕಕ್ಕೆ ಹಿಡಿದರೆ ಲಂಡನ್–ಟೋಕಿಯೊ ದೂರ ಸುಮಾರು 20 ಕಿ.ಮೀ. ಜಾಸ್ತಿ ಆಗುತ್ತದೆ. ಹಾಗೆ ಲೆಕ್ಕ ಹಾಕಲು ಥ್ಯಾಡಿಯಸ್ ವಿನ್ಸೆಂಟಿ 1975ರಲ್ಲಿ ಕೊಟ್ಟ ವಿಧಾನ ಬಹಳ ಬಳಕೆಯಲ್ಲಿದೆ. ಭೂಮಿಯ ನೇರ ಎದುರುಬದುರು ಇರುವ ಜಾಗಗಳಿಗೆ ಅದು ಕೈಕೊಡುತ್ತದೆ. ಚಾರ್ಲ್ಸ್ ಕಾರ್ನಿ 2013ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆ ಕೊರತೆಯೂ ಇಲ್ಲ. ಕೈಯಲ್ಲಿ ಮಾಡುವ ಲೆಕ್ಕ ಅಲ್ಲ ಇದು, ಸಾಫ್ಟ್‌ವೇರ್‌ಗೆ ಬಿಡಿ.

ಇನ್ನೊಂದು ಪ್ರಶ್ನೆ ತುಂಬಾ ಜನ ಕೇಳುತ್ತಾರೆ: ವಿಮಾನ 11 ಕಿ.ಮೀ. ಎತ್ತರದಲ್ಲಿ ಹೋಗುತ್ತದಲ್ಲ, ಅಲ್ಲಿ ವೃತ್ತ ದೊಡ್ಡದು, ದೂರ ಜಾಸ್ತಿ ಆಗುವುದಿಲ್ವಾ? ಆಗುತ್ತದೆ. 6,371ಕ್ಕೆ 11 ಸೇರಿಸಿ ಲೆಕ್ಕ ಹಾಕಿ ನೋಡಿ, ನಮ್ಮ ದಾರಿಗೆ 17 ಕಿ.ಮೀ. ಆಸುಪಾಸು ಸೇರುತ್ತದೆ. ತಲೆ ಕೆಡಿಸಿಕೊಳ್ಳುವಷ್ಟಲ್ಲ.

ಮೈಲಿ ಬೇಕಾದರೆ 1.609ರಿಂದ ಭಾಗಿಸಿ, ಸುಮಾರು 5,960 ಬರುತ್ತದೆ. ವಿಮಾನಯಾನದಲ್ಲಿ ಬಳಸುವ ನಾಟಿಕಲ್ ಮೈಲಿ ಬೇಕಾದರೆ 1.852ರಿಂದ ಭಾಗಿಸಿ, 5,179. ನಾಟಿಕಲ್ ಮೈಲಿ ಅಂದರೆ ಮಹಾವೃತ್ತದ ಒಂದು ಡಿಗ್ರಿಯ 60ನೇ ಒಂದು ಭಾಗ ಅಂತ ಶುರುವಾದ ಅಳತೆ. ಹಾಗಾಗಿ 86.26 ಅನ್ನು ಸುಮ್ನೆ 60ರಿಂದ ಗುಣಿಸಿದರೂ 5,176 ಬಂದುಬಿಡುತ್ತದೆ. ಕೆಲವು ಕಡೆ ಕಾಣುವ ಗೊಂದಲದ ಅಂಕಿಗಳು ಈ ಎರಡು ಮೈಲಿಗಳನ್ನು ಬೆರೆಸಿದ್ದರಿಂದಲೇ ಬಂದಿರುತ್ತವೆ.

ಭೂಪಟದ ಮೇಲಿನ ನೇರ ಗೆರೆ ಯಾಕೆ ಮೋಸ ಮಾಡುತ್ತದೆ

ಈ ವಿಷಯಕ್ಕೆ ಸ್ವಲ್ಪ ಸಮಯ ಕೊಡಿ, ಯಾಕೆಂದರೆ ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಗೋಡೆಗೆ ಹಾಕುವ ಭೂಪಟದಲ್ಲಿ ಲಂಡನ್‌ನಿಂದ ಟೋಕಿಯೊಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಯುರೋಪ್, ಮಧ್ಯ ಏಷ್ಯಾ, ಚೀನಾ ಮೇಲೆ ಹಾದುಹೋಗುತ್ತದೆ. ನೋಡಿದವರು ಇದೇ ಹತ್ತಿರದ ದಾರಿ ಅಂದುಕೊಳ್ಳುತ್ತಾರೆ. ಅಲ್ಲ. ಆ ಪಟ ಮರ್ಕೇಟರ್ ಮಾದರಿಯದ್ದಾದರೆ ಆ ಗೆರೆಯ ಉದ್ದ ಸುಮಾರು 11,350 ಕಿ.ಮೀ. ನಾವು ಲೆಕ್ಕ ಹಾಕಿದ ದಾರಿಗಿಂತ 1,750 ಕಿ.ಮೀ. ಜಾಸ್ತಿ!

ಹಾಗಾದರೆ ಹತ್ತಿರದ ದಾರಿ ಎಲ್ಲಿ ಹೋಗುತ್ತದೆ? ಲಂಡನ್ 51 ಡಿಗ್ರಿ ಉತ್ತರದಲ್ಲಿದೆ, ಟೋಕಿಯೊ ಇನ್ನೂ ಕೆಳಗೆ 35ರಲ್ಲಿದೆ. ಆದರೂ ಇವುಗಳ ನಡುವಿನ ಮಹಾವೃತ್ತ ಮೇಲಕ್ಕೆ ಏರಿ ಏರಿ 71 ಡಿಗ್ರಿ ಉತ್ತರ ಮುಟ್ಟುತ್ತದೆ. ಅಂದರೆ ಆರ್ಕ್ಟಿಕ್ ವೃತ್ತ ದಾಟಿ, ರಷ್ಯಾದ ಉತ್ತರ ತುದಿಯ ಕಾರಾ ಸಮುದ್ರದ ಹತ್ತಿರ ಹೋಗಿ, ಅಲ್ಲಿಂದ ಸೈಬೀರಿಯಾ ಮೇಲೆ ಇಳಿದು ಜಪಾನ್‌ಗೆ ಬರುತ್ತದೆ. ಗ್ಲೋಬ್ ಮೇಲೆ ದಾರ ಎಳೆದು ನೋಡಿ, ಕಣ್ಣಾರೆ ಕಾಣುತ್ತದೆ.

1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಆ ಭೂಪಟ ಮಾಡಿದ್ದು ಹಡಗಿನವರಿಗಾಗಿ. ದಿಕ್ಸೂಚಿಯ ಒಂದೇ ಕೋನ ಹಿಡಿದು ಹೋದರೆ ಆ ದಾರಿ ಪಟದ ಮೇಲೆ ನೇರ ಗೆರೆಯಾಗಿ ಕಾಣಬೇಕು ಅನ್ನುವುದು ಅವನ ಉದ್ದೇಶ. ಆ ಕೆಲಸವನ್ನು ಅದು ಅದ್ಭುತವಾಗಿ ಮಾಡುತ್ತದೆ. ದೂರ ಅಳೆಯಲು ಮಾತ್ರ ಅದು ಅಲ್ಲ. ಧ್ರುವದ ಕಡೆ ಹೋದಂತೆ ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. ನಿಜದಲ್ಲಿ 60 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶದ ಅಗಲ ಸಮಭಾಜಕದಲ್ಲಿ ಇರುವುದರ ಅರ್ಧ ಮಾತ್ರ, ಪಟದಲ್ಲಿ ಎರಡೂ ಒಂದೇ ಅಗಲ. ಹಾಗಾಗಿಯೇ ಮೇಲೆ ಹತ್ತಿ ಹೋಗುವುದು ಸುತ್ತು ಅನಿಸುತ್ತದೆ, ಆದರೆ ಅಲ್ಲಿ ಪೂರ್ವ–ಪಶ್ಚಿಮವಾಗಿ ಸಾಗುವುದು ಅಗ್ಗ.

ದಕ್ಷಿಣದಲ್ಲೂ ಇದೇ ಕಥೆ. ಚಿಲಿಯ ಸ್ಯಾಂಟಿಯಾಗೊ ಮತ್ತು ಆಸ್ಟ್ರೇಲಿಯಾದ ಸಿಡ್ನಿ ಎರಡೂ ಹೆಚ್ಚುಕಡಿಮೆ 33–34 ಡಿಗ್ರಿ ದಕ್ಷಿಣದಲ್ಲಿವೆ. ಅದೇ ಅಕ್ಷಾಂಶದಲ್ಲಿ ಪಶ್ಚಿಮಕ್ಕೆ ನೇರವಾಗಿ ಹೋದರೆ ಸುಮಾರು 12,770 ಕಿ.ಮೀ. ಮಹಾವೃತ್ತದ ದಾರಿ 11,340 ಕಿ.ಮೀ., ಅದು 62 ಡಿಗ್ರಿ ದಕ್ಷಿಣದವರೆಗೆ ಅಂಟಾರ್ಕ್ಟಿಕಾ ಕಡೆ ಬಾಗುತ್ತದೆ. ನೀವು ಕಲಿತಿದ್ದನ್ನು ಪರೀಕ್ಷಿಸಲು ಈ ಜೋಡಿ ತೆಗೆದುಕೊಳ್ಳಿ: ಸ್ಯಾಂಟಿಯಾಗೊ ನಿಲ್ದಾಣ –33.39, –70.79, ಸಿಡ್ನಿ ನಿಲ್ದಾಣ –33.95, 151.18. ಮೈನಸ್‌ಗಳು, 180 ದಾಟುವ ಅಂತರ, ಎಲ್ಲವೂ ಇದರಲ್ಲಿವೆ.

ಹಂತ 6: ವಿಮಾನ ನಿಜವಾಗಿ ಹಾರಿದ ದಾರಿಯನ್ನು ಅಳೆಯುವುದು

ವಿಧಾನ ಸರಳ. ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಮೇಲಿನ ಲೆಕ್ಕ ಹಾಕಿ, ಎಲ್ಲ ಕೂಡಿಸಿ.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಪಶ್ಚಿಮದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಯುರೋಪ್‌ನಿಂದ ಜಪಾನ್‌ಗೆ ಹೋಗುವ ಎಷ್ಟೋ ವಿಮಾನಗಳು ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗುತ್ತಿದ್ದವು. ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ 1957ರಲ್ಲಿ ಕೋಪನ್‌ಹೇಗನ್–ಆಂಕರೇಜ್–ಟೋಕಿಯೊ ದಾರಿ ಶುರು ಮಾಡಿತು. ನಮ್ಮ ಜೋಡಿಗೂ ಹಾಗೇ ಹಾಕಿ ನೋಡೋಣ. ಆಂಕರೇಜ್ ಉತ್ತರ 61.17, ಪಶ್ಚಿಮ 149.99. ಲಂಡನ್–ಆಂಕರೇಜ್ 7,201 ಕಿ.ಮೀ., ಆಂಕರೇಜ್–ಟೋಕಿಯೊ 5,566 ಕಿ.ಮೀ., ಒಟ್ಟು 12,767 ಕಿ.ಮೀ. ನೇರ ದಾರಿಗಿಂತ ಮೂರನೇ ಒಂದು ಭಾಗ ಜಾಸ್ತಿ.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಜೋರಾದ ಮೇಲೆ ಯುರೋಪ್‌ನ ಬಹುತೇಕ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮತ್ತೆ ಮುಚ್ಚಿತು, ಜಪಾನ್‌ನ ಸಂಸ್ಥೆಗಳೂ ಆ ದಾರಿ ಬಿಟ್ಟವು. ಈಗ ಕೆಲವು ವಿಮಾನಗಳು ಅಲಾಸ್ಕಾ, ಗ್ರೀನ್‌ಲ್ಯಾಂಡ್ ಕಡೆಯಿಂದ, ಕೆಲವು ಮಧ್ಯ ಏಷ್ಯಾ ಮೇಲಿನಿಂದ ಸುತ್ತಿ ಹೋಗುತ್ತವೆ. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆ ಆಸುಪಾಸು ಇದ್ದ ಪ್ರಯಾಣ ಸುಮಾರು 13 ಗಂಟೆಗೆ ಏರಿತು. ಆದರೆ ಚೀನಾದಂಥ ಕೆಲವು ದೇಶಗಳ ಸಂಸ್ಥೆಗಳ ವಿಮಾನಗಳು ಇನ್ನೂ ರಷ್ಯಾ ಮೇಲೆಯೇ ಹಾರುತ್ತಿವೆ. ಹಾಗಾಗಿ ಭೂಮಿಯ ಮೇಲೆ ಅಷ್ಟೇ ದೂರದ ಎರಡು ಪ್ರಯಾಣಗಳು ಗಂಟೆಗಳ ಲೆಕ್ಕದಲ್ಲಿ ಬೇರೆ ಬೇರೆ ಆಗಬಹುದು, ಅದು ಯಾವ ದೇಶದ ವಿಮಾನ ಅನ್ನುವುದರ ಮೇಲೆ!

ಮುಚ್ಚಿದ ಆಕಾಶ ಒಂದೇ ಕಾರಣವಲ್ಲ. ಎರಡು ಎಂಜಿನ್‌ನ ವಿಮಾನ, ಒಂದು ಎಂಜಿನ್ ನಿಂತುಹೋದರೂ ನಿಗದಿತ ಸಮಯದೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು. ಈ ನಿಯಮಕ್ಕೆ ಈಟಾಪ್ಸ್ ಅನ್ನುತ್ತಾರೆ. ಮೂಲದಲ್ಲಿ ಆ ಮಿತಿ 60 ನಿಮಿಷ ಇತ್ತು, ಏರ್‌ಬಸ್ ಎ350–900ಕ್ಕೆ 2014ರಲ್ಲಿ 370 ನಿಮಿಷದವರೆಗೆ ಒಪ್ಪಿಗೆ ಸಿಕ್ಕಿತು. ದಕ್ಷಿಣದ ಖಾಲಿ ಸಾಗರಗಳ ಮೇಲೆ ಇದು ಬಹಳ ಮುಖ್ಯ. ಟಿಬೆಟ್ ಪ್ರಸ್ಥಭೂಮಿಯನ್ನೂ ಬಹಳಷ್ಟು ವಿಮಾನಗಳು ಸುತ್ತಿ ಹೋಗುತ್ತವೆ, ಯಾಕೆಂದರೆ ಕ್ಯಾಬಿನ್ ಒತ್ತಡ ಕುಸಿದರೆ ವಿಮಾನ ಬೇಗ ಮೂರು ಕಿ.ಮೀ. ಎತ್ತರಕ್ಕೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ ಇದೆ. ಧ್ರುವದ ಹತ್ತಿರ ಇಂಧನದ ಚಳಿಯನ್ನೂ ನೋಡಬೇಕು, ಜೆಟ್ ಎ–1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ. ಇದರ ಮೇಲೆ ಟೇಕಾಫ್ ಆದ ಮೇಲಿನ ಸುತ್ತು, ಇಳಿಯುವ ಮೊದಲಿನ ಸರದಿ, ಮಿಲಿಟರಿ ವಲಯಗಳು ಎಲ್ಲ ಸೇರುತ್ತವೆ.

ಒಂದು ನಿರ್ದಿಷ್ಟ ದಿನದ ದಾರಿ ಬೇಕಾದರೆ ಫ್ಲೈಟ್‌ರೇಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ವಿಮಾನದ ನಂಬರ್ ಹಾಕಿ. ದಾರಿಯ ಗೆರೆಯ ಮೇಲೆ ತಿರುವು ಇರುವ ಕಡೆಗಳಲ್ಲೆಲ್ಲ ಒಂದೊಂದು ಬಿಂದು ಆರಿಸಿ, ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಹತ್ತು–ಹದಿನೈದು ಬಿಂದು ಸಾಕು. ಸ್ಪ್ರೆಡ್‌ಶೀಟ್‌ನಲ್ಲಿ ಒಂದರ ಕೆಳಗೊಂದು ಹಾಕಿ, ಪ್ರತಿ ಸಾಲಿಗೂ ಹಿಂದಿನ ಸಾಲಿನಿಂದ ದೂರ ತೆಗೆದು ಕೂಡಿಸಿ. ಸಾಗರದ ಮೇಲೆ ಮಾತ್ರ ಜಾಗ್ರತೆ. ವಿಮಾನದ ಸಿಗ್ನಲ್ ಹಿಡಿಯುವ ನೆಲದ ರಿಸೀವರ್‌ಗಳಿಗೆ ಕೆಲವು ನೂರು ಕಿ.ಮೀ. ಆಚೆಗೆ ಏನೂ ಕಾಣುವುದಿಲ್ಲ, ಹಾಗಾಗಿ ನಡುವೆ ಕಾಣುವ ಗೆರೆ ಎಷ್ಟೋ ಸಲ ಅಂದಾಜಿನದು. ಒಂದೇ ದಿನ ನೋಡಿ ತೀರ್ಮಾನಕ್ಕೂ ಬರಬೇಡಿ, ನಾಲ್ಕಾರು ದಿನದ ದಾರಿ ನೋಡಿ.

ಹಂತ 7: ಗಾಳಿ ಮತ್ತು ಸಮಯ

ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು. ಕಾರಣ ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಇದು. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ಇದರ ಬೆನ್ನೇರಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೆ ಬಂದಿತ್ತು.

ನೀವೇ ಲೆಕ್ಕ ಹಾಕಿ. ದಾರಿ 9,600 ಕಿ.ಮೀ., ವಿಮಾನದ ವೇಗ ಗಾಳಿಯ ಮಟ್ಟಿಗೆ ಗಂಟೆಗೆ 900 ಅಂತ ಇಟ್ಟುಕೊಳ್ಳಿ. ಹಿಂದಿನಿಂದ 100 ಕಿ.ಮೀ. ಗಾಳಿ ಇದ್ದರೆ ನೆಲದ ಮೇಲಿನ ವೇಗ 1,000, ಸಮಯ 9 ಗಂಟೆ 36 ನಿಮಿಷ. ಅಷ್ಟೇ ಗಾಳಿ ಎದುರಿನಿಂದ ಬಂದರೆ ವೇಗ 800, ಸಮಯ 12 ಗಂಟೆ. ಈ ಗಂಟೆಗಳನ್ನು ಮತ್ತೆ 900ರಿಂದ ಗುಣಿಸಿ. ಮೊದಲನೆಯದಕ್ಕೆ 8,640, ಎರಡನೆಯದಕ್ಕೆ 10,800. ಗಾಳಿ ಸೇರಿದ ದೂರ ಅಂತ ಶುರುವಿನಲ್ಲಿ ಹೇಳಿದ್ದು ಇದನ್ನೇ. ನೆಲ ಅದೇ, ಇಂಧನದ ದೃಷ್ಟಿಯಲ್ಲಿ 2,000 ಕಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ.

ಹಾಗಾಗಿ ವಿಮಾನ ಸಂಸ್ಥೆಗಳು ಹುಡುಕುವುದು ನೆಲದ ಮೇಲಿನ ಹತ್ತಿರದ ದಾರಿಯನ್ನಲ್ಲ, ಅವತ್ತಿನ ಗಾಳಿಗೆ ಕಡಿಮೆ ಇಂಧನ ಕುಡಿಯುವ ದಾರಿಯನ್ನು. ಸಿಂಗಪುರ–ನ್ಯೂಯಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಮಹಾವೃತ್ತದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹೋಗುತ್ತದೆ, ಸುಮಾರು 15,300 ಕಿ.ಮೀ. ಆದರೂ ನ್ಯೂಯಾರ್ಕ್ ಕಡೆ ಹೋಗುವ ವಿಮಾನ ಸಾಮಾನ್ಯವಾಗಿ ಪೆಸಿಫಿಕ್ ಮೇಲೆ ಪೂರ್ವಕ್ಕೆ ಹಾರುತ್ತದೆ. ದಾರಿ ಉದ್ದ, ಆದರೆ ಬೆನ್ನಿಗೆ ಗಾಳಿ.

ಸಮಯದ ಅಂದಾಜಿಗೆ ಹೀಗೆ ಬಂದ ಗಂಟೆಗಳಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸೇರಿಸಿ. ಟಿಕೆಟ್‌ನಲ್ಲಿ ಇರುವ ಸಮಯ ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನದು. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಎಲ್ಲ ಅದರೊಳಗೇ ಇದೆ.

ಯಾವ ಅಂಕಿಯನ್ನು ಎಲ್ಲಿ ಬಳಸಬೇಕು

ಐರೋಪ್ಯ ಒಕ್ಕೂಟದ 261/2004 ನಿಯಮದಲ್ಲಿ ವಿಮಾನ ರದ್ದಾದರೆ ಅಥವಾ ತೀರಾ ತಡವಾದರೆ ಕೊಡುವ ಪರಿಹಾರ ದೂರದ ಮೇಲೆ ನಿಂತಿದೆ. 1,500 ಕಿ.ಮೀ. ಒಳಗಿದ್ದರೆ 250 ಯೂರೋ, ಒಕ್ಕೂಟದ ಹೊರಗಿನ 3,500 ಕಿ.ಮೀ. ಮೀರಿದ ಪ್ರಯಾಣಕ್ಕೆ 600, ನಡುವಿನದಕ್ಕೆ 400. ಈ ದೂರವನ್ನು ಗ್ರೇಟ್ ಸರ್ಕಲ್ ವಿಧಾನದಲ್ಲೇ ಅಳೆಯಬೇಕು ಅಂತ ನಿಯಮದಲ್ಲೇ ಬರೆದಿದೆ. ವಿಮಾನ ಎಷ್ಟು ಸುತ್ತಿ ಬಂದರೂ ಅದು ಲೆಕ್ಕಕ್ಕಿಲ್ಲ. ನಡುವೆ ವಿಮಾನ ಬದಲಿಸಿದ್ದರೆ? ಒಂದೇ ಬುಕಿಂಗ್ ಆಗಿದ್ದರೆ ಮೊದಲು ಹತ್ತಿದ ಜಾಗದಿಂದ ಕೊನೆಗೆ ಇಳಿಯುವ ಜಾಗಕ್ಕೆ ನೇರವಾಗಿ ಅಳೆಯಬೇಕು ಅಂತ ಒಕ್ಕೂಟದ ನ್ಯಾಯಾಲಯ 2017ರಲ್ಲಿ ಹೇಳಿದೆ. ನಿಮ್ಮ ಪ್ರಯಾಣ 1,500 ಅಥವಾ 3,500ರ ಗಡಿಯಲ್ಲೇ ಇದ್ದರೆ ಆ 20–30 ಕಿ.ಮೀ. ವ್ಯತ್ಯಾಸವೂ ಮುಖ್ಯ, ಅಂಥ ಕಡೆ ಕೈಲೆಕ್ಕ ಬಿಟ್ಟು ಭೂಮಿಯ ಚಪ್ಪಟೆತನ ಹಿಡಿಯುವ ಸಾಫ್ಟ್‌ವೇರ್‌ನಲ್ಲಿ ಅಳೆಯಿರಿ.

ಇಂಗಾಲದ ಹೊಗೆಯ ಲೆಕ್ಕ ಹಾಕುವವರಿಗೆ ಐಕಾವೊ ಒಂದು ಸುಲಭದ ದಾರಿ ಮಾಡಿಕೊಟ್ಟಿದೆ. ಸುತ್ತು, ಸರದಿ, ಹವಾಮಾನ ಎಲ್ಲಕ್ಕೂ ಸೇರಿಸಿ ಗ್ರೇಟ್ ಸರ್ಕಲ್ ದೂರಕ್ಕೆ ಇಷ್ಟು ಅಂತ ಕೂಡಿಸುತ್ತಾರೆ: 550 ಕಿ.ಮೀ.ಗಿಂತ ಕಡಿಮೆ ಇದ್ದರೆ 50, ಅಲ್ಲಿಂದ 5,500ವರೆಗೆ 100, ಅದಕ್ಕಿಂತ ಜಾಸ್ತಿ ಇದ್ದರೆ 125. ನಮ್ಮ 9,592 ಅಲ್ಲಿ 9,717 ಆಗುತ್ತದೆ. ಆದರೆ ಮುಚ್ಚಿದ ಆಕಾಶವನ್ನು ಸುತ್ತಿ ಹೋಗುವ ದಾರಿಗೆ ಈ 125 ಏನೇನೂ ಸಾಲದು, ಅಲ್ಲಿ ಹಂತ 6ರ ಲೆಕ್ಕವನ್ನೇ ಮಾಡಬೇಕು.

ಮತ್ತೆ, ಅಂಕಿ ಬರೆಯುವಾಗ ಪಕ್ಕದಲ್ಲಿ ಎರಡು ನಿಲ್ದಾಣಗಳ ಹೆಸರು, ಯಾವ ಮೈಲಿ ಅಥವಾ ಕಿಲೋಮೀಟರ್, ಮಹಾವೃತ್ತದ ದೂರವೋ ಹಾರಿದ ದಾರಿಯೋ ಅನ್ನುವುದನ್ನೂ ಬರೆಯಿರಿ. ಹಾರಿದ ದಾರಿಯಾದರೆ ತಾರೀಖನ್ನೂ ಹಾಕಿ.